ಕಾರು ಯಾವ ದೇಶದ್ದು, ಹುಡುಗಿ ಯಾವ ಓಣಿಯಾಕಿ

ನಂದಿನಿ ಒಂದು ಕಡೆ ಕೂತದ್ದನ್ನ ನಮ್ಮ ಶೋರೂಮಿನಾಗ ಯಾರೂ ನೋಡಿದ್ದಿಲ್ಲ. ಗಿರಾಕಿ ಬಂದ್ರೂ ನಿಂತಿರ್ತಿದ್ಲು, ಬರದಿದ್ರೂ ನಿಂತಿರ್ತಿದ್ಲು. ಮಧ್ಯಾಹ್ನದ ಊಟಾನೂ ಡಬ್ಬಿ ಕೈಯಾಗ ಹಿಡಕೊಂಡು ಗಾಜಿನ ಬಾಗಲದಿಂದ ಚಾರ್ಜರ್ ತನಕ, ಚಾರ್ಜರಿನಿಂದ ಬಾಗಲ ತನಕ ಓಡಾಡ್ಕೋತ ಮುಗಸ್ತಿದ್ಲು. "ಏನವಾ ತಾಯಿ, ಕಾಲಿಗೆ ಚಕ್ರ ಕಟ್ಟಿಕೊಂಡೀ ಏನು? ಒಂಚೂರು ಕೂಡು, ನೋಡಿದವರಿಗೆ ತಲಿ ತಿರಗ್ತದ" ಅಂತ ನಾನು ಬೈದ್ರ, "ಕೂತ್ರ ಮೈಯೆಲ್ಲ ಜುಮುಜುಮು ಅಂತೈತ್ರೀ ಅಕ್ಕಾರೆ" ಅಂತ ನಕ್ಕು ಮತ್ತ ಬಾಗಲದ ಕಡೆ ನಡೀತಿದ್ಲು.

ನಾನು ಶ್ರೀಪ್ರಿಯಾ. ಬಳ್ಳಾರಿಯ ಆ ಎಲೆಕ್ಟ್ರಿಕ್ ಕಾರಿನ ಶೋರೂಮಿನಾಗ ಇನ್ಶೂರೆನ್ಸು, ಆರ್‌ಟಿಓ ಕಾಗದ ನೋಡಿಕೊಳ್ಳೋದು ನನ್ನ ಕೆಲಸ. ಸಿಟ್ಟು ನನಗ ಮೂಗಿನ ತುದಿಯಾಗ ಇರ್ತದ ಅಂತ ನಮ್ಮ ಅತ್ತಿ ವಿಜಯಾಬಾಯಿಯವರು ಬಂದವರಿಗೆಲ್ಲ ಹೇಳ್ತಾರ. ಸುಳ್ಳೇನಲ್ಲ. ಅದಕ್ಕೇ ನಮ್ಮ ಮಾಲಕರು ನನ್ನನ್ನ ಗಿರಾಕಿ ಮುಂದ ಕೂಡಸೂದಿಲ್ಲ, ಕಾಗದದ ಮುಂದ ಕೂಡಿಸ್ಯಾರ.

ನಮ್ಮ ಕಾರಿನ ಹೆಸರು ಆಲ್ಡನ್. ಒಂದು ಸಲ ಚಾರ್ಜ್ ಮಾಡಿದ್ರ ಎಷ್ಟು ದೂರ ಓಡ್ತದ, ಬ್ಯಾಟರಿ ಎಷ್ಟು ವರ್ಷ ಬಾಳ್ತದ ಅಂತ ಕೇಳಬೇಕಲ್ಲ ಜನ? ಉಹೂಂ. ಬಳ್ಳಾರಿಯವರು ಒಳಗ ಕಾಲಿಡ್ತಿದ್ದಂಗ ಬಾನೆಟ್ ಮ್ಯಾಲೆ ಅಂಗೈಲೆ ಒಂದು ಬಡದು, "ಇದು ಯಾವ ದೇಶದ್ರೀ?" ಅಂತಾರ. ಕೌಲ್ ಬಜಾರಿನ ಗ್ಯಾರೇಜಿನ ಸಾಹೇಬರೊಬ್ರು ವಾರಕ್ಕೊಮ್ಮೆ ಬರ್ತಿದ್ರು, ಕಾರು ಕೊಳ್ಳಲಿಕ್ಕಲ್ಲ, ಬರೇ ಇದನ್ನ ಕೇಳ್ಲಿಕ್ಕೆ. "ಅಸಲಿ ಕಿಸ್ಕಾ ಹೈ, ಅಷ್ಟು ಹೇಳಿಬಿಡ್ರಿ ಬೇಟಿ, ಹೋಗ್ತೀನಿ."

ಅಸಲಿ ಯಾರದು ಅಂದ್ರ ಏನು ಹೇಳೋದು? ಹುಟ್ಟಿದ್ದು ಇಂಗ್ಲೆಂಡಿನಾಗ, ನಮ್ಮ ಮುತ್ತಜ್ಜನ ಕಾಲಕ್ಕ. ಅಲ್ಲಿ ಕಂಪನಿ ಮುಳುಗಿ ಬಾಗಲಾ ಹಾಕ್ತು, ಬರೇ ಹೆಸರು ಉಳೀತು. ಆ ಹೆಸರನ್ನ ಚೀನಾದ ಕಂಪನಿಯೊಂದು ಕೊಂಡ್ಕೊಂತು. ಅದು ಇಲ್ಲಿಗೆ ಬಂದ ಮ್ಯಾಲೆ ನಮ್ಮ ದೇಶದ ದೊಡ್ಡ ವ್ಯಾಪಾರದ ಮನೆತನದವರು ಪಾಲುದಾರರಾದ್ರು. ಈಗ ಹೆಸರು ಇಂಗ್ಲೆಂಡಿಂದು, ಬ್ಯಾಟರಿ ಚೀನಾದ್ದು, ಪಾಲು ಇಬ್ಬರದು, ಜೋಡಸೋದು ನಮ್ಮ ದೇಶದ ಕಾರ್ಖಾನಿಯಾಗ, ಓಡೋದು ನಮ್ಮ ಕುಡತಿನಿಯಾಗ ಕಲ್ಲಿದ್ದಲು ಸುಟ್ಟು ಮಾಡೋ ಕರೆಂಟಿನ ಮ್ಯಾಲೆ. ಇಷ್ಟೆಲ್ಲ ಹೇಳಿ ಮುಗಿಸೋದರಾಗ ಗಿರಾಕಿ ಎದ್ದು ಹೋಗಿರ್ತಾನ.

"ಅದಕ್ಕ ಅರ್ಧಾ ಹೇಳ್ರಿ" ಅಂತಿದ್ರು ಭೀಮರಾಜ, ನಮ್ಮ ಮಾಲಕರು. "ಲಂಡನ್ ತನಕ ಹೇಳ್ರಿ, ಅಲ್ಲೇ ನಿಲ್ಲಸ್ರಿ. ಸುಳ್ಳು ಹೇಳ್ರಿ ಅಂತ ನಾನೇನು ಹೇಳಾಕ ಹತ್ತಿಲ್ಲ. ಮುಂದಿಂದು ಹೇಳಬ್ಯಾಡ್ರಿ, ಅಷ್ಟ." ಗ್ವಾಡಿಗೆ ಒಂದು ದೊಡ್ಡ ಫೋಟೋ ಹಾಕಿಸಿದ್ರು. ಹಳೇ ಕಾಲದ ತೆರದ ಕಾರು, ಪಕ್ಕಕ್ಕ ಟೋಪಿ ಹಾಕ್ಕೊಂಡ ಬಿಳೇ ದೊರಿ. ಗಿರಾಕಿ ದೇಶ ಕೇಳಿದ ಕೂಡಲೇ ನಂದಿನಿ ಆ ದೊರಿ ಕಡೆ ಬೆರಳು ತೋರಸಬೇಕು.

ತೋರಸ್ತಿದ್ಲು. ಆದ್ರ ಹಂಗ ತೋರಿಸಿದ ದಿನ ಅವಳ ಓಡಾಟ ಇನ್ನಷ್ಟು ಜೋರಾಗ್ತಿತ್ತು. ದುಪಟ್ಟಾದ ಅಂಚಿನ ದಾರ ಒಂದೊಂದಾಗಿ ಕೀಳ್ಕೋತ, "ಅಕ್ಕಾರೆ, ಅರ್ಧಾ ಹೇಳೋದು ನನಗ ಬಾಳ ರೂಢಿ ಐತ್ರಿ" ಅಂದ್ಲು ಒಮ್ಮೆ. ಆಗ ನನಗ ಅರ್ಥ ಆಗಲಿಲ್ಲ.

ನಂದಿನಿ ಕುರುಗೋಡಿನಾಕಿ. ಅಪ್ಪ ಸುಂಕಪ್ಪ ಅಲ್ಲಿ ಗುಡ್ಡದ ಕಲ್ಲು ಒಡೀತಾ ಒಡೀತಾ ಅಕ್ಷರ ಕೊರೆಯೋದು ಕಲ್ತಾರ. ಊರಿನ ದೊಡ್ಡ ದೊಡ್ಡ ಮನಿ ಮುಂದಿನ ಗ್ರಾನೈಟ್ ಹೆಸರಿನ ಫಲಕ ಎಲ್ಲಾ ಅವರ ಉಳಿಯವೇ. ಅವರ ಮನಿ ಪಡಸಾಲಿಯಾಗ ಬುದ್ಧನ ಪಟ, ಬಾಬಾಸಾಹೇಬರ ಪಟ ಅಕ್ಕಪಕ್ಕ ಅವ. ನಾನು ಒಮ್ಮೆ ಹೋಗಿದ್ದೆ. ತಾಯಿ ಉಚ್ಚೆಂಗೆಮ್ಮ ಸಜ್ಜಿ ರೊಟ್ಟಿ ಬಡದು ಬಿಸಿಬಿಸಿ ಹಾಕಿದ್ರು. "ನಿಮ್ಮನ್ಯಾಗ ಬೈತಾರೇನವಾ?" ಅಂತ ಕೇಳಿದ್ರು. "ಬೈದ್ರ ನಾನೂ ಬೈತೀನ್ರಿ, ನನಗೇನು ಬಾಯಿ ಇಲ್ಲೇನು" ಅಂದೆ. ಸುಂಕಪ್ಪ ಉಳಿ ಕೆಳಗಿಟ್ಟು ನಕ್ಕರು.

ನಮ್ಮ ಸೀಮಿಯಾಗ ಜಾತಿ ಯಾರೂ ಕೇಳೂದಿಲ್ಲ, ತಿಳಕೋರಿ. ಛೇ ಛೇ, ಎಲ್ಲಾ ಓದಿದವರು. "ಯಾವೂರವಾ?" ಅಂತಾರ. ಊರು ಹೇಳಿದ ಮ್ಯಾಲೆ, "ಮನಿ ಯಾವ ಓಣಿ?" ಅಂತಾರ. ಓಣಿ ಹೇಳಿದ್ರ, "ಗುಡಿಗೆ ಈ ಕಡೆಯೋ ಆ ಕಡೆಯೋ?" ಅಷ್ಟರಾಗ ಅವರಿಗೆ ಬೇಕಾದ್ದು ಸಿಕ್ಕಿರ್ತದ. ನನ್ನನ್ನ ಯಾರೂ ಕೇಳೂದಿಲ್ಲ. ನಾನು ಬಾಯಿ ತೆಗೀತಿದ್ದಂಗ ಮಾತಿನ ಧಾಟಿ ಕೇಳಿ "ಆಚಾರ್ರ ಪೈಕಿ" ಅಂತ ತೂಗಿ ಬದಿಗಿಡ್ತಾರ. ನಂದಿನಿಗೆ ಮಾತ್ರ ಮೂರೂ ಪ್ರಶ್ನಿ ಸಾಲಾಗಿ ಬೀಳ್ತಾವ. ಅವಳೋ, ಎರಡನೇದಕ್ಕ ಬರೋದರಾಗ ಕಾರಿನ ಡಿಕ್ಕಿ ತೆಗದು ತೋರಸ್ಲಿಕ್ಕೆ ಹತ್ತಿರ್ತಾಳ.

ಸುಂಕಪ್ಪ ಮಗಳಿಗೆ ಹೇಳಿದ್ದು ಇಷ್ಟೇ. "ನೀನಾಗಿ ಡಂಗುರ ಹೊಡೀಬ್ಯಾಡ. ಕೇಳಿದಾಗ ಮುಚ್ಚಿಡಬ್ಯಾಡ." ಈ ಎರಡರ ನಡುವ ಎಷ್ಟು ಸಣ್ಣ ಜಾಗ ಅದ ಅನ್ನೋದು ಹೇಳಿದ ಅಪ್ಪಗ ಗೊತ್ತಿತ್ತೋ ಇಲ್ಲೋ, ಮಗಳಿಗೆ ಮಾತ್ರ ಅಲ್ಲೇ ನಿಲ್ಲಲಿಕ್ಕೆ ಜಾಗ ಸಾಲತಿದ್ದಿಲ್ಲ.

ಆ ಬ್ಯಾಸಿಗಿಯಾಗ ಭೀಮರಾಜ ಸಿರುಗುಪ್ಪದಾಗ ಇನ್ನೊಂದು ಶೋರೂಮು ತೆಗೀತೀನಿ ಅಂದ್ರು. ಅಲ್ಲಿ ಮಿಲ್ಲಿನವರು ಅದಾರ, ಬತ್ತದ ರೊಕ್ಕ ಐತಿ, ಕಾರು ಹೋಗ್ತಾವ ಅಂತ ಅವರ ಲೆಕ್ಕ. ಎಲ್ಲರ ಮುಂದ ನಿಂತು ಹೇಳಿದ್ರು: "ಸಿರುಗುಪ್ಪದಾಗ ದೊಡ್ಡ ಮಿಲ್ಲು ಎರ್ರಿಸ್ವಾಮಿಯವರದು. ಆ ಮನಿ ಅಂಗಳದಾಗ ನಮ್ಮ ಕಾರು ನಿಂತ್ರ ಊರೆಲ್ಲ ಹಿಂದ ಬರ್ತೈತಿ. ನಂದಿನಿ, ಅಲ್ಲಿ ಗಾಡಿ ನಿಲ್ಲಿಸು, ಸಿರುಗುಪ್ಪದ ಮ್ಯಾನೇಜರ್ ಕುರ್ಚಿ ನಿಂದು. ಆಗಲಿಲ್ಲಂದ್ರ ನಮ್ಮ ಷಡ್ಡಕನ ಮಗ ಖಾಲಿ ಕುಂತಾನ, ಅವನ್ನ ಕೂಡಸ್ತೀನಿ."

ಆ ಷಡ್ಡಕನ ಮಗಗ ಬ್ಯಾಟರಿ ಯಾವುದು, ಬಕೀಟ್ ಯಾವುದು ಗೊತ್ತಿದ್ದಿಲ್ಲ. ನನಗ ಮೈ ಉರದು ಹೋತು. ಆವತ್ತು ಸಂಜಿ ನಂದಿನಿ ಬಸ್ ಸ್ಟ್ಯಾಂಡಿನಾಗ ಕುರುಗೋಡು ಬಸ್ಸಿಗೆ ಕಾಯ್ತಾ ನನ್ನ ಕೈ ಹಿಡಕೊಂಡು ಹೇಳಿದ್ಲು. "ಅಕ್ಕಾರೆ, ಅಪ್ಪ ಮಂದಿ ಹೆಸರೆಲ್ಲ ಕಲ್ಲಾಗ ಕೊರದಾರ. ನಮ್ಮ ಹೆಸರು ಒಂದು ಕಡೆನೂ ಇಲ್ರಿ. ನನಗ ಆ ಕುರ್ಚಿ ಬೇಕ್ರಿ." ಅಷ್ಟು ಬಿಚ್ಚಿ ಹೇಳಿದ್ದು ಅದೇ ಮೊದಲು.

ಮನಿಯ ಹೆಣ್ಣುಮಕ್ಕಳ ಹತ್ರ ಮಾತಾಡಬೇಕು, ನೀವಿಬ್ಬರೂ ಹೋಗ್ರಿ ಅಂತ ಭೀಮರಾಜ ಶೋರೂಮಿನ ತೋರಿಸೋ ಕಾರು, ಡ್ರೈವರ್ ಕೊಟ್ಟು ನನ್ನನ್ನೂ ಜೋಡಿ ಕಳಿಸಿದ್ರು. ಎರ್ರಿಸ್ವಾಮಿಯವರದು ಮಿಲ್ಲಿಗೆ ಹೊಂದಿದ ದೊಡ್ಡ ಮನಿ. ಗಾಳಿಯಾಗೆಲ್ಲ ಬತ್ತದ ಹೊಟ್ಟು. ಎರ್ರಿಸ್ವಾಮಿಗೆ ಕಾರು ಹಿಡಿಸಿತ್ತು. ಮಿಲ್ಲಿನ ಮಾಳಿಗಿ ಮ್ಯಾಲೆ ಸೋಲಾರ್ ಹಾಕಿಸಿದ್ರು, ಬಿಸಲಿನಾಗ ಕಾರು ಪುಕ್ಕಟೆ ಓಡ್ತದ ಅಂತ ಖುಷಿ. ಕೆಂಚನಗುಡ್ಡದ ಹೊಳಿ ದಂಡಿ ತನಕ ಓಡಿಸಿಕೊಂಡು ಬಂದು, "ಸಪ್ಪಳನ ಇಲ್ಲವಾ, ತೇಲಿಕೋತ ಹೋಗ್ತೈತಿ!" ಅಂತ ಹುಡುಗರಂಗ ಕುಣದ್ರು. ಆದ್ರ ಆ ಮನಿಯಾಗ ಮಾತು ನಡೆಯೋದು ಅವರದಲ್ಲ, ಅವರ ತಾಯಿ ಕೊಟ್ರಬಸಮ್ಮನವರದು.

ಕೊಟ್ರಬಸಮ್ಮ ಪಡಸಾಲಿಯಾಗ ಕೂತಿದ್ರು. ಬೆಳ್ಳಗಿನ ತಲಿ, ಕಡಕ್ಕಾದ ಇಳಕಲ್ ಸೀರಿ. ನಮ್ಮಿಬ್ಬರಿಗೂ ದೊಡ್ಡ ಸ್ಟೀಲ್ ಲೋಟದಾಗ ಮಜ್ಜಿಗಿ ಕೊಡಿಸಿದ್ರು. ಲೋಟದ ಮ್ಯಾಲೆ ಅವರ ಮಾವನ ಹೆಸರು ಕೊರದಿತ್ತು. ನಂದಿನಿ ಹೆಬ್ಬೆರಳಿಲೆ ಆ ಅಕ್ಷರ ಸವರಿ ನೋಡಿದ್ಲು.

"ಕಾರು ಯಾವ ದೇಶದ್ದವ್ವಾ?" ಅಂದ್ರು ಕೊಟ್ರಬಸಮ್ಮ. ಬಂತು ನೋಡು ಅಂದ್ಕೊಂಡೆ ನಾನು. "ಯಾಕ ಕೇಳ್ತೀನಿ ಅಂದ್ರ, ನನ್ನ ಸಣ್ಣ ಮಗ ಮಿಲ್ಟ್ರಿಯಾಗ ಅದಾನ. ಲಡಾಖದಾಗ, ಹಿಮದಾಗ ನಿಂತಾನ. ಆಚಿ ಕಡೆ ಚೀನಾದೋರು. ರಾತ್ರಿ ಫೋನ್ ಬರೋ ತನಕ ನನ್ನ ಗಂಟಲಾಗ ತುತ್ತು ಇಳಿಯಂಗಿಲ್ಲ. ಚೀನಾದ ಸಾಮಾನು ನನ್ನ ಅಂಗಳಕ್ಕ ಬರಬಾರ್ದು. ತಿಳೀತಾ?"

ನಂದಿನಿ ಲೋಟ ಕೆಳಗಿಟ್ಲು. "ಹೆಸರು ಇಂಗ್ಲೆಂಡಿಂದ್ರೀ ಅಮ್ಮಾರೆ. ಬಾಳ ಹಳೇ ಕಂಪನಿ" ಅಂದ್ಲು. ಅಲ್ಲೇ ನಿಲ್ಲಿಸಿದ್ಲು.

"ಹಂಗಾರ ಚಲೋ ಆತು. ನೀ ಯಾವೂರಾಕಿ?"

"ಕುರುಗೋಡ್ರಿ."

"ಅಯ್ಯ ಶಿವನ! ದೊಡ್ಡ ಬಸಪ್ಪನ ಊರು! ಮನಿ ಎಲ್ಲಿ, ಗುಡಿ ಹತ್ರಾನ?"

"ಹೂಂನ್ರಿ, ಅದರ ಹಿಂದಗಡೆ ಬರ್ತೈತ್ರಿ." ಸುಳ್ಳಲ್ಲ. ಹಿಂದಗಡೆಯೇ. ಗುಡಿ ದಾಟಿ, ಗುಡ್ಡ ಸುತ್ತಿ, ಕಲ್ಲಿನ ಕ್ವಾರಿ ದಾಟಿದ ಮ್ಯಾಲೆ ಅವರ ಕೇರಿ. ಕೊಟ್ರಬಸಮ್ಮ ಮುಂದ ಕೇಳಲೇ ಇಲ್ಲ. "ಹಂಗಾರ ನಮ್ಮೋರ ಆತು" ಅಂತ ನಕ್ಕು, ಒಳಗ ಕರಕೊಂಡು ಹೋಗಿ ತಲಿಗೆ ಮಲ್ಲಿಗಿ ಮುಡಿಸಿದ್ರು. ಅಡಿಗಿಮನಿ ಬಾಗಲದಾಗ ನಿಲ್ಲಿಸಿಕೊಂಡು ಸೊಸಿಗೆ ಹೇಳಿದ್ರು, "ನೋಡು, ಹುಡುಗಿ ಎಷ್ಟು ಚುರುಕದಾಳ."

ವಾಪಸ್ ಬರುವಾಗ ನಂದಿನಿ ಮಲ್ಲಿಗಿ ತೆಗದು ಮಡಿಲಾಗ ಇಟ್ಟುಕೊಂಡು ಕಿಡಕಿಯಿಂದ ಆಚೆ ನೋಡ್ತಿದ್ಲು. "ಕಾರಿಂದೂ ಅರ್ಧಾ ಹೇಳ್ದೆ, ನಂದೂ ಅರ್ಧಾ ಹೇಳ್ದೆ" ಅಂದ್ಲು. ನನಗ ಆಗ ತಿಳೀತು. "ಹೋಗ್ಲಿ ಬಿಡು, ವ್ಯಾಪಾರ ಅಂದ ಮ್ಯಾಲೆ ಇದೆಲ್ಲ ಇದ್ದದ್ದೇ" ಅಂದೆ. ನನ್ನ ಮಾತು ನನಗೇ ರುಚಿ ಹತ್ತಲಿಲ್ಲ.

ಆಮ್ಯಾಲೆ ಎರ್ರಿಸ್ವಾಮಿ ಬುಕ್ ಮಾಡಿದ ಕಾರು ಬರೋ ತನಕ ಆ ಹುಡುಗಿ ತಾನೂ ನಿಂತಲ್ಲಿ ನಿಲ್ಲಲಿಲ್ಲ, ನಮ್ಮನ್ನೂ ನಿಲ್ಲಗೊಡಲಿಲ್ಲ. ಕೊಟ್ರಬಸಮ್ಮ ಎರಡು ದಿನಕ್ಕೊಮ್ಮೆ ಫೋನ್ ಮಾಡೋರು. ಕಾರಿನ ಸಲುವಾಗಿ ಅಲ್ಲ, "ಉಂಡೀಯೇನವ್ವಾ? ಲಗ್ನಾ ಯಾವಾಗ? ನಮ್ಮ ಪೈಕಿ ಒಂದು ಚಲೋ ವರ ಐತಿ" ಅಂತ. ಫೋನ್ ಇಟ್ಟ ಮ್ಯಾಲೆ ಇವಳು ಶೋರೂಮಿನ ಗಾಜು ಒರಸ್ಲಿಕ್ಕೆ ಶುರು ಮಾಡ್ತಿದ್ಲು. ಒರಸಿದ್ದನ್ನೇ ಒರಸೋದು. ದೊರಿ ಫೋಟೋದ ಕನ್ನಡೀನೂ ಬಿಡ್ತಿದ್ದಿಲ್ಲ. "ಲೇ, ದೊರಿ ಮೀಸಿ ಅಳಿಸಿ ಹೋಗ್ತದ, ಬಿಡಲೇ!" ಅಂದ್ರೂ ನಗಲಿಲ್ಲ.

ಕಾರು ಬಂತು. ಒಪ್ಪಿಸೋ ಹಿಂದಿನ ದಿನ ಭೀಮರಾಜ ತಾವೇ ಬಾನೆಟ್ ಎತ್ತಿ ನೋಡಿ ಗಾಬರಿಯಾದ್ರು. ಒಳಗ ಮೋಟಾರಿನ ಪೆಟ್ಟಿಗಿ ಮ್ಯಾಲೆ ಅಂಗೈಯಗಲದ ಬಿಳೇ ಚೀಟಿ, ಅದರ ತುಂಬ ಚೀನೀ ಅಕ್ಷರ. ನೂರು ಕಾರಿನಾಗೂ ಅದು ಇರ್ತದ, ಯಾರೂ ಬಾನೆಟ್ ಎತ್ತೂದಿಲ್ಲ. ಆದ್ರ ನಮ್ಮ ಮಂದಿ ಹೊಸ ಗಾಡಿಗೆ ಪೂಜಿ ಮಾಡುವಾಗ ಎತ್ತೇ ಎತ್ತತಾರ. ಇಂಜಿನ್ನಿಗೆ ಕುಂಕುಮ ಹಚ್ಚದಿದ್ರ ಪೂಜಿ ಪೂಜಿ ಅಲ್ಲ. ಡೀಸೆಲ್ ಗಾಡಿ ಕಾಲದಿಂದ ಬಂದ ಪದ್ಧತಿ.

ಭೀಮರಾಜ ತ್ರಿವರ್ಣ ಬಾವುಟದ ಸ್ಟಿಕರ್ ತರಿಸಿ ಆ ಚೀಟಿ ಮ್ಯಾಲೆ ಸರಿಯಾಗಿ ಕೂಡೋ ಹಂಗ ನಂದಿನಿ ಕೈಲೇ ಅಂಟಿಸಿದ್ರು. "ಈಗ ನೋಡು, ದೇಶಭಕ್ತಿ ಕಾರು!" ಅಂತ ಕೈ ಝಾಡಿಸಿಕೊಂಡ್ರು.

ಮರುದಿನ ಮುಂಜಾನೆ ಕಾರು ನಂದಿನಿ ಓಡಿಸಿದ್ಲು, ಪಕ್ಕಕ್ಕ ನಾನು ಕಾಗದದ ಚೀಲ ಹಿಡಕೊಂಡು. ತೆಕ್ಕಲಕೋಟಿ ದಾಟಿದ ಮ್ಯಾಲೆ ಬೇವಿನ ಗಿಡದ ನೆರಳಿನಾಗ ಗಕ್ಕನೆ ನಿಲ್ಲಿಸಿದ್ಲು. ಇಳದು ಬಾನೆಟ್ ಎತ್ತಿದ್ಲು. ನಾನೂ ಓಡಿ ಇಳದೆ. ನೋಡಿದ್ರ, ಉಗುರಿಲೆ ಸ್ಟಿಕರಿನ ಅಂಚು ಎಬ್ಬಸ್ಲಿಕ್ಕೆ ಹತ್ತಿದ್ದಾಳ.

"ಹರಿ ಹರಿ! ಏನು ಮಾಡ್ತೀ ಅದು? ಕುರ್ಚಿ ಹೋಗ್ತದಲೇ ಹುಚ್ಚಿ!"

"ಅಕ್ಕಾರೆ, ಆಯಮ್ಮ ತನ್ನ ಮಗನ ಸಲುವಾಗಿ ಕೇಳಿದ್ರು. ಆ ಮಗ ಈ ಬಾವುಟ ಹಿಡಕೊಂಡು ಹಿಮದಾಗ ನಿಂತಾನ. ಅದ ಬಾವುಟ ತಂದು ಅವರ ಕಣ್ಣಿಗೆ ಪಟ್ಟಿ ಕಟ್ಟಾಕ ನನಗ ಆಗಂಗಿಲ್ರಿ." ಸ್ಟಿಕರ್ ಹರೀಲಾರದಂಗ ನಿಧಾನಕ್ಕ ಕಿತ್ತು, ಮಡಿಚಿ, ತನ್ನ ಚೀಲದಾಗ ಇಟ್ಲು. "ಕೇಳಲಿಲ್ಲಂದ್ರ ಹೇಳಂಗಿಲ್ಲ. ಕೇಳಿದ್ರ ಪೂರ್ತಿ ಹೇಳ್ತೀನಿ. ಏನಾಗ್ತೈತೋ ಆಗ್ಲಿ." ನನಗ ಬೈಬೇಕು ಅನ್ನಿಸ್ತು. ಬಾನೆಟ್ ಮುಚ್ಚಿ ಒಳಗ ಬಂದು ಕೂತೆ.

ಮಿಲ್ಲಿನ ಮನಿ ಅಂಗಳದಾಗ ರಂಗೋಲಿ ಹಾಕಿದ್ರು. ಮನಿಮಂದಿ, ಮಿಲ್ಲಿನ ಕೆಲಸದವರು, ಓಣಿಯವರು ಎಲ್ಲಾ ಸೇರಿದ್ರು. ಪೂಜಾರಪ್ಪ ಹಾರ ಹಾಕಿ, ಗಾಜಿನ ಮ್ಯಾಲೆ ಅರಿಷಿಣದಾಗ ಸ್ವಸ್ತಿಕ ಬರದು, "ಇಂಜಿನ್ ತೆಗೀರಿ" ಅಂದ್ರು. ನಂದಿನಿ ಬಾನೆಟ್ ಎತ್ತಿದ್ಲು. ಪೂಜಾರಪ್ಪ ಕುಂಕುಮದ ಬಟ್ಟಲ ಹಿಡಕೊಂಡು ಬಗ್ಗಿ ಹುಡುಕಿದ್ರು. "ಇಂಜಿನ್ನ ಇಲ್ಲಲ್ಲೋ ಎರ್ರಿಸ್ವಾಮಿ! ಬರೇ ಡಬ್ಬಿ ಐತಿ!" ಎಲ್ಲರೂ ನಕ್ಕರು. ನಗು ಕೇಳಿ ಕೊಟ್ರಬಸಮ್ಮನೂ ಬಗ್ಗಿದ್ರು. ಕಣ್ಣಿಗೆ ಬಿದ್ದದ್ದು ಬಿಳೇ ಚೀಟಿ.

"ಇದು ಯಾವ ಅಕ್ಷರ?"

ಎರ್ರಿಸ್ವಾಮಿ ಮುಖ ಸಪ್ಪಗಾತು. ನಂದಿನಿ ಕೊಟ್ರಬಸಮ್ಮನ ಎದುರಿಗೆ ಬಂದು ನಿಂತ್ಲು.

"ಚೀನಾದ ಅಕ್ಷರ್ರೀ ಅಮ್ಮಾರೆ. ಆವತ್ತು ನಾನು ಪೂರ್ತಿ ಹೇಳ್ಲಿಲ್ಲ, ತಪ್ಪಾತು. ಹೆಸರು ಇಂಗ್ಲೆಂಡಿಂದು, ಅದು ಖರೇ. ಆದ್ರ ಆ ಹೆಸರು ಕೊಂಡೋರು ಚೀನಾದೋರು. ಬ್ಯಾಟರಿ ಅಲ್ಲಿಂದ ಬರ್ತೈತಿ. ಆಮ್ಯಾಲೆ ನಮ್ಮ ದೇಶದೋರು ಪಾಲು ತಗೊಂಡಾರ, ಜೋಡಸೋರು ನಮ್ಮ ಹುಡುಗ್ರು. ಇಷ್ಟೂ ಐತ್ರಿ ಇದರಾಗ. ಬ್ಯಾಡ ಅಂದ್ರ ಈಗ ವಾಪಸ್ ಒಯ್ತೀನಿ."

ಕೊಟ್ರಬಸಮ್ಮ ಕಾರು ನೋಡಿದ್ರು, ಚೀಟಿ ನೋಡಿದ್ರು, ಸೆರಗಿಲೆ ಬಾಯಿ ಒರಸಿಕೊಂಡ್ರು. "ಏನು ಮಾಡೂದು ಪೂಜಾರಪ್ಪಾ?"

ಪೂಜಾರಪ್ಪ ಕೈಯಾಗಿನ ನಿಂಬಿಹಣ್ಣು ತೋರಿಸಿದ್ರು. "ಅದಕ್ಕೇನಂತ ತಾಯಿ? ನಾಕೂ ಗಾಲಿಗೆ ನಿಂಬಿಹಣ್ಣು ತುಳಿಸಿ, ಒಂದು ಕಾಯಿ ಒಡದ್ರ ಎಲ್ಲಾ ಶುದ್ಧ. ಎಲ್ಲಿಂದರ ಬಂದಿರ್ಲಿ, ನಿಮ್ಮ ಹೊಸ್ತಿಲ ಮುಂದ ನಿಂತ ಮ್ಯಾಲೆ ನಿಮ್ಮದ."

"ಹೌದಲ್ಲ" ಅಂದ್ರು ಕೊಟ್ರಬಸಮ್ಮ. ಮುಖ ಅರಳ್ತು. "ಬಂದ ಮ್ಯಾಲೆ ನಮ್ಮದ. ಬೇಕಂತ ಬಂದದ್ದನ್ನ ಹೊರಗ ಹಾಕಬಾರ್ದು. ತುಳಿಸ್ರಿ!" ಆಮ್ಯಾಲೆ ನಂದಿನಿ ಕೈ ಗಟ್ಟ್ಯಾಗಿ ಹಿಡಕೊಂಡು ಎಲ್ಲರಿಗೂ ಕೇಳೋ ಹಂಗ ಹೇಳಿದ್ರು: "ನೋಡ್ರಿ, ಮಾರೋಕ ಬಂದಾಕಿ ತಾನಾಗಿ ಖರೇ ಹೇಳ್ಯಾಳ. ನಮ್ಮೋರ ಮಗಳು ಅಂದ್ರ ಹಿಂಗಿರಬೇಕು! ಮೊದಲನೇ ಕುಂಕುಮ ಈಕಿ ಕೈಲೇ. ಬಾ ನನ್ನವ್ವ."

ಅಲ್ಲಿಗೆ ಮುಗೀತಿತ್ತು. ಗೆದ್ದಿದ್ಲು ಹುಡುಗಿ. ಕಾರು ನಿಂತಿತ್ತು, ಕುರ್ಚಿ ಬಂದಿತ್ತು. ನಾನು ಕಣ್ಣಿಲೇ ಹೇಳಿದೆ, ಸುಮ್ನಿರು, ಹಚ್ಚು, ಬಾ ಹೋಗೋಣು. ಅವಳು ಕುಂಕುಮದಾಗ ಬೆರಳು ಅದ್ದಲಿಲ್ಲ.

"ಅಮ್ಮಾರೆ, ಕಾರಿಂದು ಹೇಳ್ದೆ. ನಂದು ಹೇಳ್ಲಿಲ್ಲ. ನಮ್ಮ ಮನಿ ಗುಡಿ ಹಿಂದಗಡೆ ಅಂದಿದ್ದೆ. ಗುಡ್ಡದ ಆಚಿ ಕಡೆ, ಕ್ವಾರಿ ದಾಟಿದ ಮ್ಯಾಲೆ ನಮ್ಮ ಕೇರಿ ಬರ್ತೈತ್ರಿ. ನಮ್ಮಪ್ಪ ಕಲ್ಲು ಒಡೆಯೋ ಸುಂಕಪ್ಪ. ನೀವು ತಿಳಕೊಂಡ ಪೈಕಿ ಅಲ್ರಿ ನಾನು."

ಕೊಟ್ರಬಸಮ್ಮ ಬೈಯಲಿಲ್ಲ, ಮುಖ ಗಂಟು ಹಾಕಲಿಲ್ಲ. ಹಿಡಿದಿದ್ದ ಕೈ ಮಾತ್ರ ಬಿಟ್ರು. ಅದೂ ಮೆತ್ತಗ, ಸೆರಗು ಸರಿ ಮಾಡಿಕೊಳ್ಳೋ ನೆವದಾಗ. "ಹೂಂ, ಹೊತ್ತಾತು, ರಾಹುಕಾಲ ಬರ್ತೈತಿ. ಸೊಸಿ ಎಲ್ಲಿ? ಕುಂಕುಮ ಹಚ್ಚಾಕ ಕರೀರಿ" ಅಂದ್ರು. ಸೊಸಿ ಬಂದು ಹಚ್ಚಿದ್ಲು. ಎರ್ರಿಸ್ವಾಮಿ ಕಾರು ಮುಂದ ಬಿಟ್ರು. ನಿಂಬಿಹಣ್ಣು ಪಚಕ್ ಪಚಕ್ ಅಂತ ಒಡದವು, ಎಲ್ಲರೂ ಚಪ್ಪಾಳಿ ಹೊಡದ್ರು.

ಆಮ್ಯಾಲೆ ಚಾ ಬಂತು. ನನಗ ಅದೇ ಸ್ಟೀಲ್ ಲೋಟ, ಮಾವನ ಹೆಸರು ಕೊರದದ್ದು. ನಂದಿನಿಗೆ ಪೇಪರ್ ಕಪ್ಪು. ಕೊಟ್ರಬಸಮ್ಮ ಅದನ್ನ ಕೈಯಾಗ ಕೊಡಲಿಲ್ಲ, ಹೊರಗಿನ ಕಟ್ಟಿ ಮ್ಯಾಲೆ ಇಟ್ಟು, "ತಗೋವಾ" ಅಂದು ಒಳಗ ಹೋದ್ರು. ಚೀನಾದ ಕಾರಿಗೆ ನಾಕು ನಿಂಬಿಹಣ್ಣು ಸಾಕಾತು, ಎಂಟು-ಹತ್ತು ಹರದಾರಿ ಆಚೆಯ ಊರಾಗ ಹುಟ್ಟಿದ ಹುಡುಗಿಗೆ ತ್ವಾಟಗಟ್ಟಲೆ ನಿಂಬಿಹಣ್ಣು ತುಳಿಸಿದ್ರೂ ಸಾಲೂದಿಲ್ಲೇನು? ಆ ಲೋಟ ಕುಡೀಲಿಕ್ಕೂ ಆಗಲಿಲ್ಲ, ಬಿಸಾಕಲಿಕ್ಕೂ ಆಗಲಿಲ್ಲ. ಹಂಗೇ ಅವಳ ಪೇಪರ್ ಕಪ್ಪಿನ ಪಕ್ಕಕ್ಕ ಇಟ್ಟು, "ನಡಿ" ಅಂದೆ. ಎರಡೂ ಅಲ್ಲೇ ಆರಿದವು.

ಬಸ್ಸಿನಾಗ ಅಳ್ತಾಳ ಅಂದ್ಕೊಂಡಿದ್ದೆ. ಅಳಲಿಲ್ಲ. ಸೀಟು ಇದ್ರೂ ಕೂಡಲಿಲ್ಲ, ಕಂಬಿ ಹಿಡಕೊಂಡು ಬಳ್ಳಾರಿ ತನಕ ನಿಂತೇ ಬಂದ್ಲು. ಒಂದೇ ಮಾತು ಅಂದ್ಲು: "ಬಾಳ ದಿನ ಆಗಿತ್ರೀ ಅಕ್ಕಾರೆ, ಪೂರ್ತಿ ಹೇಳಿ."

ಭೀಮರಾಜ ಮಾತಿಗೆ ತಪ್ಪಲಿಲ್ಲ. ಕಾರು ಅಂಗಳದಾಗ ನಿಂತಿತ್ತಲ್ಲ, ಅವರಿಗೆ ಅಷ್ಟೇ ಬೇಕಿತ್ತು. ಸಿರುಗುಪ್ಪದ ಶೋರೂಮು ಶುರುವಾತು. ನಂದಿನಿ ಮ್ಯಾನೇಜರ್. ದೊರಿ ಫೋಟೋ ಅಲ್ಲಿಗೂ ಕಳಿಸಿದ್ರು, ಇವಳು ಅದನ್ನ ಗೋಡೌನಿಗೆ ಹಾಕಿದ್ಲು. ಈಗ ಯಾರರ "ಯಾವ ದೇಶದ್ದು?" ಅಂದ್ರ ಮೊದಲಿನಿಂದ ಕಡೀ ತನಕ ಹೇಳ್ತಾಳ. ಕೆಲವರು ಎದ್ದು ಹೋಗ್ತಾರ, ಕೆಲವರು ಕೊಳ್ತಾರ. ಕುರ್ಚಿ ಮಾತ್ರ ಮೇಜಿನ ಹಿಂದ ಹಂಗೇ ಇತ್ತು, ಪ್ಲಾಸ್ಟಿಕ್ ಹಾಳಿ ಸೈತ ತೆಗದಿರಲಿಲ್ಲ. ಮ್ಯಾನೇಜರ್ ಆದ್ರೂ ಓಡಾಟ ನಿಲ್ಲಲಿಲ್ಲ.

ಹೋದ ತಿಂಗಳು ಕಾಗದದ ಕೆಲಸಕ್ಕ ನಾನು ಅಲ್ಲಿಗೆ ಹೋಗಿದ್ದೆ. ಹೊರಗ ಬಿಸಲು ಕೆಂಡ. ಎರ್ರಿಸ್ವಾಮಿ ಕಾರು ಸರ್ವೀಸಿಗೆ ತಂದಿದ್ರು, ಜೋಡಿ ಕೊಟ್ರಬಸಮ್ಮನೂ ಬಂದಿದ್ರು. ಸರ್ವೀಸು ಮುಗದಿತ್ತು, ಮಗ ಸಹಿ ಮಾಡ್ತಾ ನಿಂತಿದ್ರು. ಆಯಮ್ಮಗ ಸೆಕಿಗೆ ಮುಖ ಕೆಂಪಗಾಗಿತ್ತು, ತುಟಿ ಒಣಗಿತ್ತು. ನಂದಿನಿ ಒಳಗ ಹೋಗಿ ಗಡಿಗಿಯಿಂದ ತಣ್ಣನೆ ನೀರು ತಂದ್ಲು. ಸ್ಟೀಲ್ ಲೋಟ. ಅದರ ಮ್ಯಾಲೆ ಕೊರದಿತ್ತು, "ಸುಂಕಪ್ಪ, ಕುರುಗೋಡು". ಮಗಳು ಮ್ಯಾನೇಜರ್ ಆದ ದಿನ ಅಪ್ಪ ಸಣ್ಣ ಉಳಿ ತಗೊಂಡು ಕೂತು ಕೊರದು ಕೊಟ್ಟದ್ದು.

"ತಗೋರೀ ಅಮ್ಮಾರೆ. ಪೇಪರ್ ಕಪ್ಪು ಬೇಕಂದ್ರ ಅದೂ ಐತ್ರಿ" ಅಂದ್ಲು. ದನಿಯಾಗ ಕುಹಕ ಇದ್ದಿಲ್ಲ, ಖರೇನೇ ಕೇಳಿದ್ಲು.

ಕೊಟ್ರಬಸಮ್ಮ ಲೋಟದ ಮ್ಯಾಲಿನ ಅಕ್ಷರ ಓದಿದ್ರು. ಕೈ ಅರ್ಧಾ ಮುಂದ ಬಂತು, ನಾನು ಕಣ್ಣಾರೆ ನೋಡಿದೆ. ಅಲ್ಲೇ ನಿಂತುಬಿಡ್ತು. "ನೀರಡಿಕಿ ಇಲ್ಲ ಬಿಡವ್ವಾ" ಅಂದು ಎದ್ದು, ಬಿಸಲಾಗ ನಡಕೋತ ಹೋಗಿ ಕಾರಿನಾಗ ಕೂತ್ರು. ಮಗನಿಗೆ ಹೇಳಿ ಎಸಿ ಹಾಕಿಸಿಕೊಂಡ್ರು. ಗಾಜಿನ ಹಿಂದ ಕಣ್ಣು ಮುಚ್ಚಿ, ಆ ಚೀನಾದ ಬ್ಯಾಟರಿಯ ತಂಪು ಗಾಳಿಗೆ ಮುಖ ಒಡ್ಡಿ ಕೂತಿದ್ದು ನಮಗ ಕಾಣ್ತಿತ್ತು.

ನಾನು ಬಾಯಿ ತೆಗೆಯೋದರಾಗಿದ್ದೆ. ನಂದಿನಿ ಕೈ ಅಡ್ಡ ಮಾಡಿದ್ಲು. "ಅಪ್ಪನ ಲೋಟ ಅಕ್ಕಾರೆ, ನೀರು ಚೆಲ್ಲಬಾರ್ದು" ಅಂದು ಗಟಗಟ ತಾನೇ ಕುಡದ್ಲು. ಲೋಟ ಮೇಜಿನ ಮ್ಯಾಲೆ ಇಟ್ಲು, ಹೆಸರು ಬಾಗಲದ ಕಡೆ ಕಾಣೋ ಹಂಗ. ಕುರ್ಚಿ ಮ್ಯಾಲಿನ ಪ್ಲಾಸ್ಟಿಕ್ ಹಾಳಿ ಪರ್ ಅಂತ ಹರದು ಬುಟ್ಟಿಗೆ ಹಾಕಿದ್ಲು. ಆಮ್ಯಾಲೆ ಆ ಕುರ್ಚಿಯಾಗ ಕೂತ್ಲು.

"ಹೊರಗ ಇನ್ನ್ಯಾರರ ಅದಾರೇನ್ರಿ? ಒಳಗ ಕಳಸ್ರಿ" ಅಂದ್ಲು.